ಬಲಮೂಲೆಗೆ ಹೊಡೆದ ಚೆಂಡು

"ಇವ್ರಿಗೆ ಅಟ್ಯಾಕ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ ಮಾರಾಯ್ತಿ. ಆಚೆ ಪಾಸು, ಈಚೆ ಪಾಸು, ಮತ್ತೆ ಹಿಂದೆ ಪಾಸು. ಗೋಲು ಎದುರಿಗೇ ಉಂಟು, ಅದನ್ನು ನೋಡ್ಲಿಕ್ಕೇ ಇಲ್ಲ. ಈ ಶನಿವಾರ ನೀನು ಬಾ. ನಾವು ಹೇಗೆ ಆಡ್ತಿದ್ದೆವು ಅಂತ ನೀನೇ ಬಾಯಿಬಿಟ್ಟು ಹೇಳು."

ಗೆಳತಿ ಫೋನಿನಲ್ಲಿ ಇದನ್ನು ಹೇಳುವಾಗ ನಾನು ಡಚ್ಚರ ನಾಡಿನ ಇನ್ನೊಂದು ತುದಿಯಲ್ಲಿ, ಟಿಲ್‌ಬರ್ಗ್‌ನ ನನ್ನ ಅಡುಗೆಮನೆಯಲ್ಲಿ ನಿಂತಿದ್ದೆ. ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪಿತು. ಅನ್ನ ಮುದ್ದೆಯಾಯಿತು. ಇದಕ್ಕೂ ಆ ಹುಡುಗಿಯರ ಪಾಸುಗಳೇ ಕಾರಣ ಎನ್ನುವಷ್ಟು ಸಿಟ್ಟು ಬಂತು.

ಈ ಮಾತು ಹೊಸದಲ್ಲ. ಅವಳು ಎನ್ಸ್‌ಕೆಡೆಯ ವಿಶ್ವವಿದ್ಯಾಲಯದ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಟ್ರೈನರ್. ಸಂಬಳವಿಲ್ಲ, ಆ ಜಾಗಕ್ಕೆ ಬೇರೆ ಯಾರೂ ಬರಲಿಲ್ಲವೆಂದು ಅವಳಿಗೆ ಸಿಕ್ಕಿತು. ಹತ್ತು ವರ್ಷದ ಹಿಂದೆ ಅದೇ ತಂಡದಲ್ಲಿ ಅವಳು ಸೆಂಟರ್ ಫಾರ್ವರ್ಡ್, ನಾನು ಬಲಬದಿಯ ವಿಂಗ್. ಅವಳು ಮಂಗಳೂರಿನವಳು, ಅಣ್ಣಂದಿರ ಜೊತೆ ಸಮುದ್ರದ ದಂಡೆಯಲ್ಲಿ ಆಡಿ ಬೆಳೆದವಳು. ನಾನು ಧಾರವಾಡದವಳು, ಶಾಲೆಯಲ್ಲಿ ಖೋ ಖೋ ಬಿಟ್ಟರೆ ಬೇರೆ ಆಟ ಕಂಡವಳಲ್ಲ. ಎಂ.ಎಸ್ಸಿ. ಮಾಡಲು ಬಂದ ಮೊದಲ ಚಳಿಗಾಲದಲ್ಲಿ ಅವಳು ನನ್ನನ್ನು ಕೈಹಿಡಿದು ಮೈದಾನಕ್ಕೆ ಎಳೆದೊಯ್ದು, "ಇವಳು ಊರಿನಲ್ಲಿ ಓಟದಲ್ಲಿ ಫಸ್ಟ್" ಎಂದು ತಂಡಕ್ಕೆ ಹೇಳಿಬಿಟ್ಟಳು. ಯಾವ ಊರು, ಯಾವ ಓಟ ಎಂದು ಯಾರೂ ಕೇಳಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ನಾವು ಆಡಿದ್ದು ತೀರ ಕೆಳಗಿನ ಡಿವಿಷನ್ನಿನಲ್ಲಿ. ನೋಡಲು ಬರುತ್ತಿದ್ದವರು ನಾಯಿ ತಿರುಗಾಡಿಸುವವರು ಮಾತ್ರ, ಅದೂ ನಾಯಿ ನಿಂತರೆ.

ಆಮೇಲೆ ನಾನು ಟಿಲ್‌ಬರ್ಗ್‌ಗೆ ಬಂದೆ. ಗೋದಾಮುಗಳಿಂದ ಹೊರಡುವ ಲಾರಿಗಳ ದಾರಿ ಗೊತ್ತುಮಾಡುವ ಕೆಲಸ. ಅವಳು ಎನ್ಸ್‌ಕೆಡೆಯ ಲ್ಯಾಬಿನಲ್ಲೇ ಉಳಿದಳು. ಕಳೆದ ವರ್ಷ ಐಂಧೋವನ್‌ನಲ್ಲಿ ಇದಕ್ಕಿಂತ ಎಷ್ಟೋ ಒಳ್ಳೆಯ ಕೆಲಸ ಸಿಕ್ಕರೂ ಬಿಟ್ಟಳು. ಯಾಕೆಂದು ಕೇಳಿದರೆ, "ಶನಿವಾರ ಹೋಗ್ತದಲ್ಲ" ಎಂದಳು. ಅವಳ ಮಟ್ಟಿಗೆ ವಾರವೆಂದರೆ ಶನಿವಾರ ಮತ್ತು ಅದಕ್ಕಾಗಿ ಕಾಯುವ ಉಳಿದ ದಿನಗಳು.

ಈ ಸಲದ ಫೋನಿನಲ್ಲಿ ಮಾತ್ರ ಒಂದು ಹೊಸ ಸಂಗತಿಯಿತ್ತು. ಅದನ್ನು ಅವಳು ಕೊನೆಗೆ, ಗಂಟಲು ಸರಿಮಾಡಿಕೊಂಡು ಹೇಳಿದಳು. ಶನಿವಾರದ ಆಟ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ತಂಡ ಸಭೆ ಸೇರುತ್ತದೆ. ಈ ಟ್ರೈನರ್ ಮುಂದಿನ ಸೀಸನ್ನಿಗೂ ಬೇಕೇ ಬೇಡವೇ ಎಂಬುದೇ ವಿಷಯ. ಅವಳ ಎದುರಿಗೇ, ಕಾಫಿ ಕುಡಿಯುತ್ತ, ಎಲ್ಲರೂ ಅಭಿಪ್ರಾಯ ಹೇಳುತ್ತಾರೆ. ಈ ದೇಶದಲ್ಲಿ ಇದು ಅವಮಾನವಲ್ಲ, ಪ್ರಾಮಾಣಿಕತೆ. "ನೀವು ಯಾವಾಗಲೂ ಹಳೇ ತಂಡ ಹಳೇ ತಂಡ ಅನ್ನುತ್ತೀರಿ, ಅದರಲ್ಲಿ ಆಡಿದ ಒಬ್ಬರನ್ನಾದರೂ ಕರೆಸಿ, ಕೇಳೋಣ" ಎಂದು ಕ್ಯಾಪ್ಟನ್ ಹೇಳಿದ್ದಳಂತೆ.

"ಅಂದ್ರ ನಾನು ಸಾಕ್ಷಿ," ಎಂದೆ.

"ಸಾಕ್ಷಿ ಅಲ್ಲ ಮಾರಾಯ್ತಿ, ಪ್ರೂಫ್. ನೀನು ಗಾಳಿ ಹಾಗೆ ಓಡ್ತಿದ್ದೆ ಅಂತ ಹೇಳು, ಸಾಕು."

ಆ ಹಳೆಯ ಅಟ್ಯಾಕ್ ಬಗ್ಗೆ ಹೇಳಬೇಕು. ಹೇಳುವುದು ಸುಲಭ, ಅದರಲ್ಲಿ ಏನೂ ಇರಲಿಲ್ಲ. ನಡುಮೈದಾನದಿಂದ ಯಾರಾದರೂ ಚೆಂಡನ್ನು ಎದುರಾಳಿಗಳ ಗೋಲಿನ ಕಡೆ, ನಮ್ಮ ಬಲಗೈಯ ಮೂಲೆಗೆ ಎತ್ತಿ ಹೊಡೆಯುವುದು. ನಾನು ಅಲ್ಲಿಗೆ ಓಡುವುದು. ಅಲ್ಲಿಂದ ಗೋಲಿನ ಮುಂದಕ್ಕೆ ಒದೆಯುವುದು. ಅವಳು ತಲೆ ಕೊಡುವುದು. ಗೋಲು. ಕೂಗಬೇಕಾದ ಮಾತೂ ಒಂದೇ: ಹುಕ್, ಅಂದರೆ ಮೂಲೆ. ಡಚ್ ಭಾಷೆಯಲ್ಲಿ ನಾನು ಮೊದಲು ಕಲಿತ ಪದಗಳಲ್ಲಿ ಅದೂ ಒಂದು.

ಹಾಗೆ ಹೊಡೆದ ಗೋಲುಗಳಲ್ಲಿ ಒಂದು ನಮ್ಮ ಪುರಾಣ. ಕೊನೆಯ ಆಟ, ಗೆದ್ದರೆ ಪಟ್ಟಿಯಲ್ಲಿ ತಳದಿಂದ ಮೇಲೇಳುತ್ತೇವೆ. ನನ್ನ ನೆನಪಿನಲ್ಲಿ ಅಂದು ಮಳೆ. ಅವಳ ನೆನಪಿನಲ್ಲಿ ಕಣ್ಣಿಗೆ ಹೊಡೆಯುವ ಬಿಸಿಲು. ನಾನು ಒಬ್ಬಳ ಕಾಲ ಸಂದಿಯಿಂದ ಚೆಂಡು ದಾಟಿಸಿದೆನೆಂದು ಅವಳು ಹೇಳುತ್ತಾಳೆ. ಅಂಥ ಕೆಲಸ ನಾನು ಇಂದಿಗೂ ಮಾಡಲಾರೆ. ಆಗಿನ ಗೋಲ್‌ಕೀಪರ್ ಈಗ ಗ್ರೋನಿಂಗನ್‌ನಲ್ಲಿದ್ದಾಳೆ. ಆ ಚೆಂಡು ಹೊರಟದ್ದೇ ತನ್ನ ಕಾಲಿನಿಂದ ಎಂದು ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆ ಬರೆಯುತ್ತಾಳೆ. ನನ್ನ ಅವ್ವನಂತೂ ಗೋಲು ಹೊಡೆದವಳು ನಾನೇ ಎಂದು ನೆಂಟರಿಗೆಲ್ಲ ಹೇಳಿ ಮುಗಿಸಿದ್ದಾಳೆ. ನೆನಪುಗಳು ಪ್ರತಿ ಸಲ ಕಪಾಟಿನಿಂದ ಇಸ್ತ್ರಿಯಾಗಿಯೇ ಹೊರಬರುತ್ತವೆ. ಇಸ್ತ್ರಿ ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ನನಗೆ ಆ ಮಡಿಕೆಗಳನ್ನು ಕಂಡರೇ ಆಗುವುದಿಲ್ಲ. ಆದರೂ, ಗಾಳಿಯ ಹಾಗೆ ಓಡುತ್ತಿದ್ದೆ ಎಂಬ ಒಂದು ಮಡಿಕೆಯನ್ನು ಮಾತ್ರ ನಾನೂ ಬಿಚ್ಚಲು ಹೋಗಿರಲಿಲ್ಲ.

ಶನಿವಾರ ದಾರಿಯಲ್ಲಿ ರೈಲು ಬದಲಿಸಲು ಡೆವೆಂಟರ್‌ನಲ್ಲಿ ಇಳಿದರೆ ಮುಂದಕ್ಕೆ ರೈಲಿಲ್ಲ, ಹಳಿ ದುರಸ್ತಿ, ಬದಲಿ ಬಸ್ಸು. ಬಸ್ಸಿನಲ್ಲಿ ಒದ್ದೆ ನಾಯಿಯೊಂದು ನನ್ನ ಬೂಟಿನ ಮೇಲೆ ಮಲಗಿತು. ಮೈದಾನ ತಲುಪುವಾಗ ಆಟ ಶುರುವಾಗಿ ಆಗಲೇ ಸುಮಾರು ಹೊತ್ತಾಗಿತ್ತು.

ಮೈದಾನ ಅದೇ. ಹಿಂದೆ ಅದೇ ಕಾಲುವೆ, ಪಕ್ಕದಲ್ಲಿ ಅದೇ ಸೈಕಲ್ ದಾರಿ. ಆದರೆ ಹುಲ್ಲು ಹೋಗಿತ್ತು. ಈಗ ಅಲ್ಲಿ ಹಾಸಿರುವುದು ಪ್ಲಾಸ್ಟಿಕ್ ಹುಲ್ಲು, ಬಿಲಿಯರ್ಡ್ಸ್ ಮೇಜಿನ ಹಾಗೆ ಸಪಾಟು. ಗೆರೆಯ ಪಕ್ಕದಲ್ಲಿ, ಕಾಲು ಉಳುಕಿಸಿಕೊಂಡ ಹುಡುಗಿಯೊಬ್ಬಳು ಬಾವುಟ ಹಿಡಿದು ಮುಖ ಸೊಟ್ಟ ಮಾಡಿಕೊಂಡು ನಿಂತಿದ್ದಳು. ಈ ಕೆಳಗಿನ ಡಿವಿಷನ್ನುಗಳಲ್ಲಿ ರೆಫರಿ ಒಬ್ಬರೇ. ಚೆಂಡು ಗೆರೆ ದಾಟಿದಾಗ ಬಾವುಟ ಎತ್ತಲು ಪ್ರತಿ ತಂಡವೂ ತನ್ನವರೊಬ್ಬರನ್ನು ನಿಲ್ಲಿಸಬೇಕು. ತಮ್ಮ ತಂಡ ಕಾಯುವ ಅರ್ಧದಲ್ಲಿ ಅವರು ನಿಲ್ಲುತ್ತಾರೆ. ಬಾಯಿ ಬಿಡುವಂತಿಲ್ಲ, ಯಾರಿಗೂ ಸಲಹೆ ಕೊಡುವಂತಿಲ್ಲ. ಆ ಕೆಲಸ ಯಾರಿಗೂ ಬೇಡ.

ಬಾಯಿ ಬಿಡುವ ಕೆಲಸವನ್ನು ನನ್ನ ಗೆಳತಿ ಮಾಡುತ್ತಿದ್ದಳು. "ಹುಕ್! ಹುಕ್! ಎಂತ ನೋಡ್ತೀಯಾ, ಹೊಡಿ ಮಾರಾಯ್ತಿ!" ಡಚ್ ಹುಡುಗಿಯರಿಗೂ ಆ 'ಮಾರಾಯ್ತಿ' ಅಭ್ಯಾಸವಾಗಿ, ಪಾಸು ಕೇಳುವಾಗ ಅವರೂ ಹಾಗೇ ಕೂಗುತ್ತಿದ್ದರು.

ಹುಡುಗಿಯರ ಆಟ ನೋಡಿದೆ. ಪಾಸುಗಳು ಚೆನ್ನಾಗಿದ್ದವು, ಸಿಟ್ಟು ಬರಿಸುವಷ್ಟು ಚೆನ್ನಾಗಿದ್ದವು. ಅವರು ಚೆಂಡನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು ನೋಡಿದರೆ, ಹೋಟೆಲಿನಲ್ಲಿ ಕೊನೆಯ ಬೋಂಡಾವನ್ನು ನೀನು ತಗೋ, ಬೇಡ ನೀನೇ ತಗೋ ಎಂದು ತಟ್ಟೆ ಸರಿಸುವವರ ಹಾಗಿತ್ತು. ಗೋಲಿನ ಮುಂದೆ ತಲುಪಿದವಳೂ ಹಿಂದಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದಳು. ಒದಿಯೇ ಒಮ್ಮೆ, ಎಂದು ನನ್ನ ಬಾಯಿಂದಲೂ ಬಂತು.

ಆದರೆ ಇನ್ನೊಂದನ್ನೂ ನೋಡಿದೆ. ನನ್ನ ಹಳೆಯ ಜಾಗದಲ್ಲಿ, ಬಲಬದಿಯಲ್ಲಿ, ಬೆಂಗಳೂರಿನ ಹುಡುಗಿಯೊಬ್ಬಳು ಆಡುತ್ತಿದ್ದಳು. ಟ್ರೈನರ್ ಕೂಗಿದಾಗ ಯಾರಾದರೂ ಒಲ್ಲದ ಮನಸ್ಸಿನಿಂದ ಚೆಂಡನ್ನು ಮೂಲೆಗೆ ಎತ್ತಿ ಹೊಡೆಯುವರು. ಇವಳು ತಲೆ ತಗ್ಗಿಸಿ ಓಡುವಳು. ಚೆಂಡು ಬಿದ್ದು, ಪುಟಿದು, ಇವಳ ಮುಂದೆಯೇ ಜಾರಿಕೊಂಡು ಗೆರೆ ದಾಟಿಬಿಡುವುದು. ಮತ್ತೆ ಹುಕ್. ಮತ್ತೆ ಓಟ. ಮತ್ತೆ ಹೊರಗೆ. ಪ್ರತಿ ಸಲವೂ ಗೆಳತಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ, ನೋಡು ಎನ್ನುವಂತೆ ಹುಬ್ಬೇರಿಸುವಳು.

ಹಾಫ್‌ಟೈಮಿನಲ್ಲಿ ಆ ಹುಡುಗಿ ನೀರು ಕುಡಿಯುತ್ತ ಏದುಸಿರಿನಲ್ಲೇ ನನ್ನನ್ನು ಕೇಳಿದಳು: "ಅಕ್ಕಾ, ಆ ಫೇಮಸ್ ರೈಟ್ ವಿಂಗ್ ನೀವೇನಾ? ಟ್ರೈನರ್ ಅಕ್ಕ ಡೈಲಿ ನಿಮ್ ಹೆಸ್ರೇ. ಹೇಗೆ ಅಕ್ಕಾ ರೀಚ್ ಆಗ್ತಿದ್ರಿ? ಸೀರಿಯಸ್ಲಿ, ನಾನು ಈ ಸೀಸನ್ ಪೂರ್ತಿ ಬೆಳಿಗ್ಗೆ ಎದ್ದು ಸ್ಪ್ರಿಂಟ್ ಪ್ರಾಕ್ಟೀಸ್ ಮಾಡ್ತಿದೀನಿ. ಆದ್ರೂ ನಾನು ಸ್ಲೋ."

ಹೇಗೆ ತಲುಪುತ್ತಿದ್ದೆ? ನೋಡೋಣವೆಂದು ಆ ಮೂಲೆಗೇ ನಡೆದುಹೋದೆ. ಕಾಲಿಟ್ಟರೆ ಗಟ್ಟಿ. ಬೂಟಿನೊಳಗೆ ಕರಿ ರಬ್ಬರ್ ಕಾಳುಗಳು ಸೇರಿದವು. ಹಿಂದಿನ ಕಾಲುವೆಯ ನೀರು ನೋಡುತ್ತ ನಿಂತಾಗ ನೆನಪಾದದ್ದು ಆಟವಲ್ಲ, ಬಟ್ಟೆ ತೊಳೆಯುವ ಮೆಷಿನ್. ತಂಡದ ಅಂಗಿಗಳ ಚೀಲವನ್ನು ಸರದಿಯ ಮೇಲೆ ಒಬ್ಬೊಬ್ಬರು ಮನೆಗೊಯ್ದು ಒಗೆಯಬೇಕಿತ್ತು. ನನ್ನ ಸರದಿಯ ದಿನ ವಿದ್ಯಾರ್ಥಿ ಮನೆಯ ಮೆಷಿನ್ ಕಟ್ಟಿಕೊಂಡಿತು. ಜೊತೆಗಿದ್ದವರು ಪೈಪಿನಿಂದ ಬೊಗಸೆಗಟ್ಟಲೆ ರಾಡಿ ತೆಗೆದು, ಇನ್ನು ಮುಂದೆ ನಿನ್ನ ಬಟ್ಟೆಯನ್ನು ಮೊದಲು ಹಿತ್ತಲಲ್ಲಿ ಜಾಲಿಸಿ ತಾ ಎಂದಿದ್ದರು. ಅಷ್ಟೂ ರಾಡಿ ನನ್ನ ಅಂಗಿಯದು, ನನ್ನ ಕಾಲುಚೀಲದ್ದು. ಎಡಬದಿಯ ವಿಂಗ್ ಆಡುವವಳು ಸ್ವಚ್ಛ ಬಟ್ಟೆಯಲ್ಲಿ ಮನೆಗೆ ಹೋಗುತ್ತಾಳೆಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಕಾಲುವೆಯ ಪಕ್ಕದ ಆ ಮೂಲೆಯಲ್ಲಿ ನೀರು ಇಂಗುತ್ತಿರಲಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅದು ಇಡ್ಲಿ ಹಿಟ್ಟು. ಚೆಂಡು ಅಲ್ಲಿ ಬಿದ್ದರೆ ತಪ್ ಎಂದು ನಿಲ್ಲುತ್ತಿತ್ತು. ಹೊರಗಿನಿಂದ ಬಂದ ಎದುರಾಳಿಗಳು ಅದು ಗೆರೆ ದಾಟುತ್ತದೆಂದು ಓಟ ನಿಲ್ಲಿಸುತ್ತಿದ್ದರು. ನಾನು ಮಾತ್ರ ನಿಲ್ಲುತ್ತಿರಲಿಲ್ಲ. ಆರಾಮವಾಗಿ ಹೋಗಿ, ಖೋ ಖೋದಲ್ಲಿ ಕಂಬದ ಹತ್ತಿರ ತಡೆದು ತಿರುಗುವ ಹಾಗೆ ತಿರುಗಿ, ಒದೆಯುತ್ತಿದ್ದೆ. ಓಡುವುದಲ್ಲ, ನಿಲ್ಲುವುದೇ ನನಗೆ ಗೊತ್ತಿದ್ದ ವಿದ್ಯೆ. ಬೇರೆ ಊರಿನ ಮೈದಾನಗಳಲ್ಲಾಗಲಿ, ಇಲ್ಲೇ ಇನ್ನೊಂದು ತುದಿಯಲ್ಲಾಗಲಿ ಆ ಅಟ್ಯಾಕ್ ಗೋಲು ತಂದದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ.

ಕೂಡಲೇ ಇದರ ಮೇಲೂ ಅನುಮಾನ ಬಂತು. ಇದೂ ಎಷ್ಟು ಚೆನ್ನಾಗಿ ಮಡಿಸಿಟ್ಟ ಕಥೆ! ಪುರಾಣದ ಬದಲು ರಾಡಿ, ಮುಗಿಯಿತು. ಆ ಮುಖ್ಯ ಗೋಲಿನ ದಿನ ಅವಳು ಹೇಳುವಂತೆ ಬಿಸಿಲೇ ಇದ್ದರೆ? ನೆಲ ಒಣಗಿದ್ದರೆ? ಗೊತ್ತಿಲ್ಲ. ಮೆಷಿನ್ ಕಟ್ಟಿಕೊಂಡದ್ದು ಮಾತ್ರ ನಿಜ, ಯಾಕೆಂದರೆ ಅದನ್ನು ಚೆಂದ ಮಾಡಿ ಹೇಳಲು ಇಷ್ಟು ವರ್ಷ ಯಾರಿಗೂ ಕಾರಣವಿರಲಿಲ್ಲ.

ಆಟ ಗೋಲಿಲ್ಲದೆ ಮುಗಿಯಿತು. ಹುಡುಗಿಯರು ಸ್ನಾನಕ್ಕೆ ಹೋದಾಗ ಗೆಳತಿಯನ್ನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಹಿಡಿದು ಹೇಳಿದೆ.

"ಅಲ್ಲಿ ರಾಡಿ ಇತ್ತು. ಚೆಂಡು ನಿಂದರತಿತ್ತು. ನಾ ಏನ್ ಗಾಳಿಗತೆ ಓಡತಿದ್ದಿಲ್ಲ."

"ಎಂತ ರಾಡಿ?"

"ಕೆಸರು. ಈಗ ಪ್ಲಾಸ್ಟಿಕ್ ಐತಿ. ನೀ ಎಷ್ಟು ಒದರಿದ್ರೂ ಅದು ನಿಲ್ಲಂಗಿಲ್ಲ."

ಅವಳು ಸೈಕಲಿನ ಬೀಗವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಅಂದ್ರೆ ನಾವು ಗೆದ್ದದ್ದು ಕೆಸರಿಂದ ಅಂತ ನೀನು ಹೇಳುದಾ?"

"ನಿನ್ನ ಹೆಡ್ ಛಲೋ ಇತ್ತು. ಅದು ಖರೇ."

"ಸಾಕು ನಿನ್ನ ಸಮಾಧಾನ. ಒಳಗೆ ಇದನ್ನು ಹೇಳ್ಬೇಡ. ಇವತ್ತು ಒಂದು ದಿನ ಗಾಳಿ ಹಾಗೆ ಓಡ್ತಿದ್ದೆ ಅಂತ ಹೇಳು. ನಂಗೆ ಈ ಶನಿವಾರ ಬಿಟ್ರೆ ಈ ಊರಲ್ಲಿ ಬೇರೆ ಎಂತ ಉಂಟು, ಹೇಳು?"

ಐಂಧೋವನ್ ಎಂಬ ಪದ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಕ್ಯಾಂಟೀನಿನಲ್ಲಿ ಎರಡು ಮೇಜು ಜೋಡಿಸಿ ಕುಳಿತಿದ್ದರು. ಒದ್ದೆ ಕೂದಲು, ಸುಟ್ಟ ಚೀಸಿನ ವಾಸನೆ. ಕ್ಯಾಪ್ಟನ್ ನೆಟ್ಟಗೆ ವಿಷಯಕ್ಕೆ ಬಂದಳು. "ನಿಮ್ಮ ಕಾಲದ ಅಟ್ಯಾಕ್ ನಮ್ಮದಕ್ಕಿಂತ ನಿಜವಾಗಿಯೂ ಒಳ್ಳೆಯದಿತ್ತೇ?"

"ಅದು ಬೇರೆ ಥರ ಇತ್ತು," ಎಂದೆ.

"ಒಳ್ಳೆಯದಿತ್ತೇ?"

"ನೋಡಿ, ನೆನಪು ಅನ್ನುವುದು..." ಎಂದು ಶುರುಮಾಡಿದೆ. ಅವರ ಮುಖಗಳಲ್ಲಿ, ಇವರೂ ಅವರಂತೆಯೇ ಎಂಬ ದಣಿವು ಕಂಡಿತು. ಗೆಳತಿ ಕಾಫಿ ಕಪ್ಪಿನೊಳಗೆ ನೋಡುತ್ತಿದ್ದಳು. ನಾನು ಇನ್ನೆರಡು ವಾಕ್ಯ ಸುತ್ತು ಹಾಕಿದೆ. ಗಾಳಿ ಎಂಬ ಪದದ ಹತ್ತಿರಕ್ಕೂ ಹೋದೆ.

"ಕೆಸರಿತ್ತಂತೆ!" ಎಂದು ಗೆಳತಿಯೇ ಅಂದುಬಿಟ್ಟಳು, ಕಪ್ಪಿನಿಂದ ತಲೆಯೆತ್ತದೆ, ಮೊದಲು ಕನ್ನಡದಲ್ಲಿ, ಆಮೇಲೆ ಡಚ್‌ನಲ್ಲಿ. "ಮೂಲೆಯಲ್ಲಿ ಕೆಸರಿತ್ತಂತೆ. ಚೆಂಡು ನಿಲ್ಲುತ್ತಿತ್ತಂತೆ. ಇವಳು ನಡೆದುಕೊಂಡು ಹೋಗುತ್ತಿದ್ದಳಂತೆ." ಎಲ್ಲರೂ ನಗಲಿ ಎಂದೇ ಹಾಗೆ ಹೇಳಿದಳು, ನನ್ನನ್ನು ಹೀಯಾಳಿಸಲು. ಯಾರೂ ನಗಲಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗಿಯರು, ಕಣ್ಣು ಅರಳಿತು. ನೀರು ಯಾವ ಕಡೆಗೆ ಹರಿಯುತ್ತಿತ್ತು, ಜೇಡಿ ಮಣ್ಣೇ, ಕಾಲುವೆಯ ಮಟ್ಟ ಎಷ್ಟಿತ್ತು ಎಂದು ಅವರವರಲ್ಲೇ ಚರ್ಚೆ ಶುರುವಾಯಿತು. ಮೇಜಿನ ಮೇಲೆ ಸಕ್ಕರೆ ಪೊಟ್ಟಣಗಳಿಂದ ಮೈದಾನದ ಇಳಿಜಾರು ಮಾಡಿ ತೋರಿಸಿದಳೊಬ್ಬಳು. ಇಲ್ಲಿ ಒಬ್ಬಳ ಶನಿವಾರವೇ ಹೋಗುತ್ತಿದೆ, ಇವರಿಗೆ ಮಣ್ಣಿನ ಚಿಂತೆ. ನನಗೆ ಕಿರುಚಬೇಕೆನಿಸಿತು.

ಆಗ ಬೆಂಗಳೂರಿನ ಹುಡುಗಿ, ಆ ಗದ್ದಲದ ನಡುವೆ, ಕನ್ನಡದಲ್ಲಿ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಟ್ರೈನರನ್ನು.

"ಅಕ್ಕಾ, ಹಾಗಾದ್ರೆ ನಾನು ಸ್ಲೋ ಅಲ್ಲ ಅಲ್ವಾ?"

ಗೆಳತಿಯ ಮುಖದ ಮೇಲೆ ಏನು ಬಂತು ಹೋಯಿತೆಂದು ಬರೆಯಲು ಕೈ ಹೋಗುತ್ತದೆ, ಬರೆಯುವುದಿಲ್ಲ. ನಾನು ಆ ಕ್ಷಣ ಅವಳ ಮುಖ ನೋಡುತ್ತಿರಲಿಲ್ಲ, ಕಿಟಕಿಯಾಚೆಗೆ ನೋಡುತ್ತಿದ್ದೆ. ಕಪ್ಪು ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು.

ಕೈ ಎತ್ತಿ ಮತ ಹಾಕಿದರು. ಅವಳು ಟ್ರೈನರ್ ಆಗಿ ಮುಂದುವರಿಯುವುದು ಬೇಡವೆಂದಾಯಿತು, ಮುಂದಿನ ಸೀಸನ್ನಿನಿಂದಲ್ಲ, ಅಂದಿನಿಂದಲೇ. ಕ್ಯಾಪ್ಟನ್ ಅದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿ, ಹೂವಿನ ಗೊಂಚಲೊಂದನ್ನು ಕೊಟ್ಟಳು. ಹೂವನ್ನು ಮೊದಲೇ ತಂದಿಟ್ಟಿದ್ದರು. ಅಂದರೆ ನಾನು ಟಿಲ್‌ಬರ್ಗ್‌ನಿಂದ ಒದ್ದೆ ನಾಯಿಯ ಜೊತೆ ಬಂದದ್ದೂ, ರಾಡಿ ನೆನಪಾದದ್ದೂ, ಎಲ್ಲ ವ್ಯರ್ಥ. ಇವರು ನಿನ್ನೆಯೇ ಹೂವು ಕೊಂಡಿದ್ದರು.

"ಆದರೆ ನೀವು ಪ್ರತಿ ಶನಿವಾರ ಬರಬೇಕು," ಎಂದಳು ಕ್ಯಾಪ್ಟನ್. "ಬಾವುಟ ಹಿಡಿಯಲು ಯಾರೂ ಒಪ್ಪುತ್ತಿಲ್ಲ. ನಿಮಗೆ ಆಟ ಗೊತ್ತು. ಹಿಡಿಯುತ್ತೀರಾ?"

"ಬಾವುಟ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ನಿಲ್ಲಬೇಕಾ ನಾನು?"

"ಹೌದು," ಎಂದಳು ಕ್ಯಾಪ್ಟನ್. "ಅದೇ ನಮ್ಮ ಉದ್ದೇಶ."

ಬಸ್‌ಸ್ಟಾಪಿನವರೆಗೆ ಗೆಳತಿ ಹೂವು ಹಿಡಿದುಕೊಂಡು ನನ್ನ ಜೊತೆ ಬಂದಳು. ಬಸ್ಸು ಬಂದಾಗ ಹೂವನ್ನು ನನ್ನ ಕೈಗೆ ತುರುಕಿದಳು. "ಪ್ರೂಫ್ ತಗೊಂಡು ಹೋಗು," ಎಂದಳು.

ಅವಳು ಬಾವುಟ ಹಿಡಿಯುವುದಿಲ್ಲವೆಂದೇ ನಾನು ತಿಳಿದಿದ್ದೆ. ಮುಂದಿನ ವಾರ ಫೋನ್ ಮಾಡಿದರೆ ಎತ್ತಲಿಲ್ಲ. ಅದರ ಮುಂದಿನ ಶನಿವಾರ ಮತ್ತೆ ಡೆವೆಂಟರ್‌ನಲ್ಲಿ ಇಳಿದೆ. ಯಾಕೆ ಹೊರಟೆನೆಂದು ನನ್ನ ಮೇಲೇ ಸಿಡುಕುತ್ತ ಹೋದೆ. ಈ ಸಲ ರೈಲಿತ್ತು, ಕೂರಲು ಜಾಗವಿರಲಿಲ್ಲ.

ಗೆರೆಯ ಪಕ್ಕದಲ್ಲಿ ಅವಳಿದ್ದಳು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಬಾವುಟ, ತುಟಿ ಬಿಗಿಹಿಡಿದ ಮುಖ. ಬಾಯಲ್ಲಿ ನೀರು ತುಂಬಿಕೊಂಡವಳಂತೆ ಕಾಣುತ್ತಿದ್ದಳು. ನನ್ನನ್ನು ಕಂಡು ಗಲ್ಲ ಮೇಲೆತ್ತಿದಳು, ಅಷ್ಟೇ. ಮೈದಾನದಲ್ಲಿ ಹುಡುಗಿಯರು ಬೋಂಡಾದ ತಟ್ಟೆ ಸರಿಸುತ್ತಲೇ ಇದ್ದರು. ಕೂಗುವವರಿಲ್ಲದೆ ಅವರ ಆಟವೇನೂ ಸುಧಾರಿಸಿರಲಿಲ್ಲ. ಇದನ್ನು ಗೆಳತಿಯ ಪರವಾಗಿ ಬರೆದಿಡುತ್ತೇನೆ.

ಹಾಫ್‌ಟೈಮ್ ಆಗಿ ಬದಿ ಬದಲಾಯಿತು. ಈಗ ನಮ್ಮ ಹುಡುಗಿಯರು ಕಾಯಬೇಕಾದ ಅರ್ಧದಲ್ಲಿ ಆ ಮೂಲೆ. ಗೆಳತಿಯೂ ಬಾವುಟದ ಜೊತೆ ಅತ್ತ ಬಂದಳು. ನಾನು ಕಾಲುವೆಯ ಕಡೆ, ಬೇಲಿಗೆ ಒರಗಿ ನಿಂತೆ.

ಸ್ವಲ್ಪ ಹೊತ್ತಿಗೆ ಎದುರಾಳಿಗಳಲ್ಲಿ ಒಬ್ಬಳು, ನಮ್ಮ ಹಳೆಯ ಅಟ್ಯಾಕ್ ಯಾರೋ ಕಿವಿಯಲ್ಲಿ ಹೇಳಿಕೊಟ್ಟ ಹಾಗೆ, ಚೆಂಡನ್ನು ನೇರ ಆ ಮೂಲೆಗೆ ಎತ್ತಿ ಹೊಡೆದಳು. ಅವರ ವಿಂಗ್ ಓಡಿಬಂದಳು. ಅವಳ ಹಿಂದೆ, ಮೈದಾನದ ಆಚೆ ಬದಿಯಿಂದ ಓರೆಯಾಗಿ, ಬೆಂಗಳೂರಿನ ಹುಡುಗಿ. ಅಷ್ಟು ದೂರದಿಂದ ಯಾಕೆ ಬಂದಳೋ, ಅವಳ ಕೆಲಸವೇ ಅಲ್ಲ ಅದು. ನಡುವೆ ಒಂದು ಕಡೆ ಎದುರಾಳಿಯನ್ನು ದಾಟಿದಳು. ಗೆಳತಿಯೂ ಗೆರೆಯುದ್ದಕ್ಕೂ ಅವರ ಜೊತೆ ಓಡುತ್ತಿದ್ದಳು, ಬಾವುಟ ಕಾಲಿಗೆ ಬಡಿಯುತ್ತಿತ್ತು. ಚೆಂಡು ಪುಟಿದು, ಜಾರಿ, ಗೆರೆ ದಾಟಿ, ಬೇಲಿಗೆ ಬಡಿದು ನನ್ನ ಮುಂದೆ ಬಂದು ನಿಂತಿತು. ಹುಡುಗಿ ಅದರ ಬೆನ್ನಿಗೇ ಬಂದು ಬೇಲಿ ಹಿಡಿದುಕೊಂಡಳು.

ಗೆಳತಿ ಏದುಸಿರು ಬಿಡುತ್ತ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿ ಬಿಡಬಾರದೆಂಬುದು ಮರೆತುಹೋಯಿತು.

"ನಿನಗಿಂತ ಜೋರು ಓಡ್ತಾಳೆ ಮಾರಾಯ್ತಿ ಇವಳು!"

ಗಾಳಿ ಜೋರಾಗಿತ್ತು. ಆದರೂ ಅವಳು ಹೇಳಿದ್ದು ಇದನ್ನೇ. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಹುಡುಗಿಗೂ ಕೇಳಿಸಿತು. ಬೇಲಿಗೆ ಹಣೆ ಊರಿಕೊಂಡೇ ನಕ್ಕಳು.

"ಬಾವುಟ!" ಎಂದು ಕ್ಯಾಪ್ಟನ್ ಅತ್ತಲಿಂದ ಕಿರುಚಿದಳು. ಎರಡೂ ತಂಡ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದವು. ರೆಫರಿ ಗಡಿಯಾರ ನೋಡಿಕೊಂಡ. ಗೆಳತಿ ಎತ್ತಲು ಮರೆತ ಬಾವುಟ ಇನ್ನೂ ಅವಳ ಮೊಣಕಾಲಿಗೆ ಸುತ್ತಿಕೊಂಡಿತ್ತು.